ಕೋಶಪೊರೆಯ ಪ್ರೋಟಿಯೋಗ್ಲೈಕನ್: ಮರುಬೋಧನೆಯಲ್ಲಿ ಕಲಿತದ್ದು

ಸೂಕ್ಷ್ಮ ಬೋಧನೆಗೆ ನಾನು ಆರಿಸಿಕೊಂಡ ವಿಷಯ, ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ಸ್ತನಗ್ರಂಥಿಯ ಜೀವಕೋಶಗಳಿಂದ ಸಿಂಡಿಕ್ಯಾನ್ ಬೇರ್ಪಡಿಸುವುದು. ಹಂತಗಳನ್ನು ಕಪ್ಪುಹಲಗೆಯಲ್ಲಿ ಬರೆದೆ: ಟ್ರೈಟಾನ್ ಮಾರ್ಜಕದಿಂದ ಪೊರೆಯನ್ನು ಕರಗಿಸುವುದು, ಋಣ ಆವೇಶದ ಸಲ್ಫೇಟ್ ಸರಪಳಿಗಳನ್ನು ಧನ ಆವೇಶದ ಡಿಇಎಇ ಸ್ತಂಭದಲ್ಲಿ ಹಿಡಿದಿಡುವುದು, ಉಪ್ಪಿನ ಸಾರತೆ ಏರಿಸಿ ಬಿಡಿಸಿಕೊಳ್ಳುವುದು.

“ಅದು ಪೊರೆಯಲ್ಲೇ ನಾಟಿತ್ತು, ಹೊರಗಿನಿಂದ ಅಂಟಿದ್ದಲ್ಲ ಎಂದು ಹೇಗೆ ಗೊತ್ತು?” ಸಹಪಾಠಿಯೊಬ್ಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹಂತಗಳನ್ನು ಬಾಯಿಪಾಠ ಮಾಡಿದ್ದೆ, ಕಾರಣ ಯೋಚಿಸಿರಲಿಲ್ಲ.

ಮರುಬೋಧನೆಯನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆ. ಆವೇಶದಿಂದ ಹೊರಗೆ ಅಂಟಿದ್ದು ಉಪ್ಪುನೀರಿನಲ್ಲೋ ಹೆಪಾರಿನ್ ದ್ರಾವಣದಲ್ಲೋ ತೊಳೆದರೆ ಬಿಡುತ್ತದೆ. ಪೊರೆಯೊಳಗೆ ನಾಟಿದ್ದಕ್ಕೆ ಮಾರ್ಜಕವೇ ಬೇಕು. ಗುರುತಿಸುವ ಹಂತಕ್ಕೂ ಕಾರಣವಿದೆ: ಹೆಪರಾನ್ ಸಲ್ಫೇಟ್, ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಗಳನ್ನು ಆಯಾ ಕಿಣ್ವಗಳಿಂದ ಕತ್ತರಿಸಿದರೆ, ಜೆಲ್‌ನಲ್ಲಿ ಮಸುಕಾಗಿ ಹರಡಿದ್ದ ಪಟ್ಟಿಯ ಬದಲು ತಿರುಳು ಪ್ರೋಟೀನಿನ ಸ್ಪಷ್ಟ ಪಟ್ಟಿ ಕಾಣುತ್ತದೆ. 1989ರಲ್ಲಿ ಪ್ರಕಟವಾದ ಡಿಎನ್‌ಎ ಅನುಕ್ರಮವು 311 ಅಮೈನೊ ಆಮ್ಲಗಳ ಆ ಪ್ರೋಟೀನಿನಲ್ಲಿ ಪೊರೆ ದಾಟುವ ಭಾಗವಿರುವುದನ್ನು ತೋರಿಸಿತು.

ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಹಂತದ ಎದುರಿಗೆ ‘ಇದನ್ನು ಬಿಟ್ಟರೆ ಏನಾಗುತ್ತದೆ?’ ಎಂಬ ಒಂದು ಕಾಲಂ ಇದೆ.