ಹಕ್ಕಿ ಎಣಿಸುವುದು ಬಿಟ್ಟ ಮಗಳಿಗೆ

ಅಶೋಕಪುರಂ, ಮೈಸೂರು

ಮಗಳೇ,

ನಿನ್ನ ಕಾಗದ ಓದಿದೆ. ಹಕ್ಕಿ ಗಣತಿಯ ಕೆಲಸ ಬಿಟ್ಟು ಬೆಂಗಳೂರಿನ ಆಫೀಸು ಸೇರಿದ್ದೀಯ. ದುಡ್ಡು ಕೂಡಿಟ್ಟು ಅಂಟಾರ್ಕ್ಟಿಕಾದ ದಾರಿಯಲ್ಲಿರುವ ಮ್ಯಾಕ್ವಾರಿ ದ್ವೀಪಕ್ಕೆ ಹೋಗಿ ಪೆಂಗ್ವಿನ್ ನೋಡುವ ಆಸೆ ನಿನಗೆ. ಇಲ್ಲೇ ಇರುವ ರಂಗನತಿಟ್ಟಿಗೆ ಮಾತ್ರ ಕಾಲೇ ಬರುವುದಿಲ್ಲವಂತೆ. ಕೆಲಸ ಮಾಡಿದ ಜಾಗಕ್ಕೆ ಟಿಕೆಟ್ ತೆಗೆದುಕೊಂಡು ಹೋಗುವುದು ತವರಿಗೆ ನೆಂಟಳಾಗಿ ಹೋದ ಹಾಗೆ ಅಂದೆಯಲ್ಲ, ಆ ಮಾತಿಗೇ ಈ ಉತ್ತರ.

ನಾನೂ ಮೂರು ವರ್ಷ ಅತ್ತ ತಲೆ ಹಾಕಿರಲಿಲ್ಲ. ಮನೆಯಲ್ಲಿ ಮಂಡಿನೋವಿನ ನೆಪ ಹೇಳುತ್ತಿದ್ದೆ. ನಿಜವಾಗಿ ಇದ್ದದ್ದು ಬಿಗುಮಾನ. ಕೊನೆಗೆ ಒಂದು ಮಾರ್ಚ್ ಬೆಳಿಗ್ಗೆ ಸಾಲಿನಲ್ಲಿ ನಿಂತೆ. ‘ನಾನೂ ಇಲ್ಲಿ ಎಣಿಸಿದವನಪ್ಪ’ ಅಂತ ದೋಣಿಯವನಿಗೆ ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವನು ಒಂದು ಬಂಡೆಯ ಬಳಿ ಹುಟ್ಟು ನಿಲ್ಲಿಸಿದ. ಬಂಡೆಯ ಅಡಿಯಲ್ಲಿ ಅಂಬರಗುಬ್ಬಿಗಳ ಮಣ್ಣಿನ ಗೂಡುಗಳು, ಒಂದಕ್ಕೊಂದು ಅಂಟಿಸಿಟ್ಟ ಪುಟ್ಟ ಕುಡಿಕೆಗಳ ಹಾಗೆ. ಒಂದು ಹಕ್ಕಿ ಕೊಕ್ಕಿನಲ್ಲಿ ಕೆಸರಿನುಂಡೆ ತಂದು ಅಂಚಿಗೆ ಮೆತ್ತಿ ಹೋಯಿತು. ಮತ್ತೆ ಬಂತು, ಮತ್ತೆ ಮೆತ್ತಿತು. ಆ ಗೂಡುಗಳನ್ನು ಎಷ್ಟೋ ವರ್ಷ ಎಣಿಸಿದ್ದೆ. ಕಟ್ಟುವುದನ್ನು ನೋಡುತ್ತ ಕೂತದ್ದು ಅದೇ ಮೊದಲು.

ಹಳೆಯ ತಪ್ಪೊಂದೂ ನೆನಪಾಯಿತು. ಒಂದು ಬೇಸಿಗೆ, ರೀವ ಹಕ್ಕಿಯ ಮೊಟ್ಟೆ ಎಣಿಸುವ ಆತುರದಲ್ಲಿ ದೋಣಿಯನ್ನು ಬಂಡೆಗೆ ತೀರಾ ಹತ್ತಿರ ಬಿಡಿಸಿದ್ದೆ. ಕಾವು ಕೂತ ಹಕ್ಕಿ ಎದ್ದು ಹಾರಿತು. ಬರಿಗಲ್ಲಿನ ಮೇಲೆ ಎರಡು ಮೊಟ್ಟೆ. ನಾನು ಬರೆದುಕೊಳ್ಳುವಷ್ಟರಲ್ಲಿ ಕಾಗೆ ಒಂದನ್ನು ಎತ್ತಿಕೊಂಡು ಹೋಯಿತು. ನನ್ನ ಪುಸ್ತಕದಲ್ಲಿ ಈಗಲೂ ಎರಡು ಅಂತಲೇ ಇದೆ.

ನೀನು ಹೋಗಬೇಕೆಂದಿರುವ ಮ್ಯಾಕ್ವಾರಿಯಲ್ಲಿ ಇದೇ ಕತೆ ದೊಡ್ಡದಾಗಿ ನಡೆದಿದೆ. ಸೀಲ್ ಬೇಟೆಗೆ ಬಂದವರ ಜೊತೆ ಬೆಕ್ಕು, ಇಲಿ, ಮೊಲ ಇಳಿದವು. ಬೆಕ್ಕು ಹಕ್ಕಿಗಳನ್ನು ತಿಂದಿತು, ಮೊಲ ಹುಲ್ಲಿನ ಇಳಿಜಾರುಗಳನ್ನು ಬೋಳು ಮಾಡಿತು. ಅವೆಲ್ಲ ತೊಲಗಿದವೆಂದು ಘೋಷಿಸುವಷ್ಟರಲ್ಲಿ 2014 ಆಗಿತ್ತು. ಈಗ ಅಲ್ಲಿಗೆ ಹೋಗುವವರು ಬೂಟಿನ ಮಣ್ಣು, ಜೇಬಿನ ಮೂಲೆಯಲ್ಲಿ ಸಿಕ್ಕಿಕೊಂಡ ಬೀಜ ತೆಗೆದೇ ಇಳಿಯಬೇಕು.

ನಮ್ಮ ತಿಟ್ಟುಗಳ ಕತೆ ಬೇರೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದು ನೀರಿಗಾಗಿ. ನಡುಗಡ್ಡೆಗಳಾದವು, ಹಕ್ಕಿ ತಾವಾಗಿ ಬಂದವು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ ಎನಿಸಿಕೊಂಡಿತು. ಇಷ್ಟರಲ್ಲಿ ನೀನೂ ನಾನೂ ಬಂದುಹೋದದ್ದು ಯಾವ ಹೆಜ್ಜಾರ್ಲೆಗೂ ಗೊತ್ತಿಲ್ಲ. ಅದರಿಂದ ನನಗೆ ಬೇಸರವಾಗಲಿಲ್ಲ, ಹಗುರವಾಯಿತು.

ತವರಿಗೆ ನೆಂಟಳಾಗಿ ಹೋದವಳಿಗೇ ಅಲ್ಲವೇನಮ್ಮ, ಅವ್ವನ ಬೆನ್ನು ಬಾಗಿರುವುದು ಕಣ್ಣಿಗೆ ಬೀಳುವುದು? ಜೊತೆಯಲ್ಲೇ ಇದ್ದಾಗ ಅದು ಕಾಣುವುದಿಲ್ಲ. ಪೆಂಗ್ವಿನ್ ನೋಡಲು ಖಂಡಿತ ಹೋಗು. ಅದಕ್ಕೆ ಮುಂಚೆ ಒಂದು ಭಾನುವಾರ ಇಲ್ಲಿಗೆ ಬಾ. ಪುಸ್ತಕ ಮನೆಯಲ್ಲಿಡು, ದೋಣಿಯಲ್ಲಿ ಎಲ್ಲರ ನಡುವೆ ಕೂರು. ಪಕ್ಕದ ಮಗು ಹೆಜ್ಜಾರ್ಲೆಯನ್ನು ಬಾತುಕೋಳಿ ಅಂದರೆ ತಕ್ಷಣ ತಿದ್ದಬೇಡ. ಮೊದಲು ಕಣ್ಣು ತುಂಬ ನೋಡಲಿ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದುಬಿಡು. ಎಷ್ಟು ಹಕ್ಕಿ ಇದ್ದವು ಅಂತ ಕೇಳುವುದಿಲ್ಲ.

ನಿನ್ನ ದೊಡ್ಡಪ್ಪ