ಮೊಟ್ಟೆ ಹೊತ್ತ ಸಿಗಡಿಯನ್ನು ನೋಡುವ ಬಗೆ

ಪುಣೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಮುಳಾ-ಮುಠಾ, ಭೀಮಾ ನದಿಗಳ ಸಿಗಡಿಗಳ ಹಿಂದೆ ಬಿದ್ದವನು ನಾನು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಹೇಳಬೇಕಾದದ್ದು ಇಷ್ಟು.

1. ಗಾತ್ರ ನೋಡಿ ಗಂಡು-ಹೆಣ್ಣು ಅನ್ನಬೇಡಿ. ಎಳೆಯ ಗಂಡಿಗೆ ಉದ್ದನೆಯ ಕೊಂಡಿಗಾಲು ಇನ್ನೂ ಬಂದಿರುವುದಿಲ್ಲ. ಅಂಗಾತ ಮಲಗಿಸಿ, ಭೂತಗನ್ನಡಿ ಹಿಡಿದು ಕಾಲುಗಳ ಬುಡ ನೋಡಿ. ಜನನರಂಧ್ರ ಮೂರನೆಯ ಜೋಡಿಯಲ್ಲಿದ್ದರೆ ಹೆಣ್ಣು, ಐದನೆಯದರಲ್ಲಿದ್ದರೆ ಗಂಡು.

2. ಹೆಣ್ಣು ಪೊರೆ ಕಳಚಿದಾಗ ತೊಟ್ಟಿಗೆ ಕೈ ಹಾಕಬೇಡಿ. ಮೈ ಮೆತ್ತಗಿರುವ ಆ ಕೆಲವು ಗಂಟೆಗಳಲ್ಲೇ ಗಂಡು ಅದನ್ನು ಕೂಡಿ, ವೀರ್ಯದ ಗಂಟನ್ನು ಅದರ ಎದೆಯಡಿ ಅಂಟಿಸುತ್ತದೆ. ಒಂದು ದಿನದೊಳಗೆ ಮೊಟ್ಟೆಗಳು ಹೊರಬಂದು ಈಜುಗಾಲುಗಳಿಗೆ ಅಂಟಿಕೊಳ್ಳುತ್ತವೆ. ಮೆತ್ತಗಿನ ಹೆಣ್ಣು ಅಡಗಲು ಹೆಂಚಿನ ಚೂರುಗಳನ್ನು ಮೊದಲೇ ಇಟ್ಟಿರಿ. ಇಲ್ಲವಾದರೆ ಉಳಿದ ಸಿಗಡಿಗಳೇ ಅದನ್ನು ತಿಂದುಬಿಡುತ್ತವೆ.

3. ಎಲ್ಲಕ್ಕಿಂತ ಮೊದಲು ಮೊಟ್ಟೆಯ ಗಾತ್ರ ಅಳೆಯಿರಿ. ನದಿಗೂ ಸಿಗಡಿಗೂ ಇರುವ ನಂಟನ್ನು ಅದು ಹೇಳುವಷ್ಟು ಬೇರಾವುದೂ ಹೇಳದು. ಸಾಕಣೆಯ ದೊಡ್ಡ ಸಿಗಡಿ ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿಯದ್ದು ಸಾಸಿವೆಗಿಂತ ಚಿಕ್ಕ ಮೊಟ್ಟೆ; ಬಲಿತ ಹೆಣ್ಣು 80,000ದಿಂದ 1,00,000 ಹೊರುತ್ತದೆ. ಅದರ ಮರಿಗೆ ಉಪ್ಪು ಬೆರೆತ ಅಳಿವೆಯ ನೀರು ಬೇಕು, 11 ಹಂತ ದಾಟಿಯೇ ಅದು ಸಿಗಡಿಯ ರೂಪಕ್ಕೆ ಬರುವುದು. ಪುಟ್ಟ ಲಾಮಾರೆ ಸಿಗಡಿ ಇದಕ್ಕೆ ತದ್ವಿರುದ್ಧ: ಮೊಟ್ಟೆ ಕಡಿಮೆ, ಆದರೆ ದೊಡ್ಡವು, ಒಳಗಿನ ಬಂಡಾರವನ್ನೇ ತಿಂದು ಬಹುಪಾಲು ಬೆಳೆದ ಮರಿ ಸಿಹಿನೀರಿಗೇ ಬರುತ್ತದೆ.

ಪುಣೆಗೆ ಅರಬ್ಬಿ ಸಮುದ್ರ ಹತ್ತಿರ, ನಮ್ಮ ನೀರು ಹೋಗುವುದು ಮಾತ್ರ ಬಂಗಾಳಕೊಲ್ಲಿಗೆ. ಭೀಮೆಯಾಗಿ ಕಲಬುರಗಿ, ಯಾದಗಿರಿಗಳನ್ನು ಹಾದು ರಾಯಚೂರಿನ ಕಡೆ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಉಜನಿ, ಶ್ರೀಶೈಲ, ನಾಗಾರ್ಜುನಸಾಗರಗಳ ಗೋಡೆಗಳು. ಅಳಿವೆ ಬೇಕೆನ್ನುವ ಮರಿ ಇಲ್ಲಿಂದ ಅಲ್ಲಿಗೆ ಮುಟ್ಟಲಾರದು. ಪ್ರಾಣಿಶಾಸ್ತ್ರಜ್ಞ ತಿವಾರಿಯವರು 1952ರಲ್ಲಿ ವರ್ಣಿಸಿದ ಕೃಷ್ಣಾ ಕಣಿವೆಯ ಮ್ಯಾಕ್ರೋಬ್ರಾಕಿಯಂ ಕಿಸ್ಟ್ನೆನ್ಸೆ ಈ ಒಳನಾಡಲ್ಲೇ ಹುಟ್ಟಿ ಬಾಳುತ್ತದೆ. ಈ ನದಿಯಲ್ಲಿ ಕಾಪಾಡಬೇಕಾದದ್ದು ಅದನ್ನು. ಕೆರೆಗೆ ತಂದು ಸುರಿಯುವ ರೋಸೆನ್‌ಬರ್ಗಿ ಮರಿಗಳಿಂದ ನದಿಯ ಸಂತಾನ ಬೆಳೆಯದು.

4. ‘ಮೊಟ್ಟೆ ಇದೆ’ ಎಂದಷ್ಟೇ ಬರೆದುಕೊಂಡರೆ ಸಾಲದು, ಬಣ್ಣವನ್ನೂ ಬರೆಯಿರಿ. ರೋಸೆನ್‌ಬರ್ಗಿಯಲ್ಲಿ ಹೊಸ ಮೊಟ್ಟೆ ಕಿತ್ತಳೆ; ಒಡೆಯುವ ಹೊತ್ತಿಗೆ ಬೂದು, ಒಳಗೆ ಕಣ್ಣಿನ ಕಪ್ಪು ಚುಕ್ಕೆ. 28 ಡಿಗ್ರಿ ಬಿಸಿಯಲ್ಲಿ ಸುಮಾರು 20 ದಿನ, ನೀರು ತಣ್ಣಗಾದಷ್ಟೂ ತಡ.

5. ತಾಯಿ ಈಜುಗಾಲು ಬೀಸುತ್ತಲೇ ಇರುತ್ತದೆ, ಮೊಟ್ಟೆಗಳಿಗೆ ಆಮ್ಲಜನಕ ಸಿಗಲೆಂದು. ಚರಂಡಿ ನೀರು ಸೇರಿ ಆಮ್ಲಜನಕ ಕುಸಿದ ಕಡೆ ಆ ಬೀಸುವಿಕೆಯಿಂದ ಏನು ಪ್ರಯೋಜನ? ನಗರದ ಕೆಳಗಿನ ನೀರಿನಲ್ಲಿ ಸಿಗಡಿ ಹುಡುಕುವವರು ಆಮ್ಲಜನಕದ ಅಳತೆಯನ್ನೂ ಮೊಟ್ಟೆಯ ಲೆಕ್ಕದ ಪಕ್ಕದಲ್ಲೇ ಬರೆಯಬೇಕು.

6. ಮೊಟ್ಟೆ ಹೊತ್ತದ್ದನ್ನು ಬಾಲ ಹಿಡಿದು ಎತ್ತಬೇಡಿ, ಅದು ಮೈ ಒದರಿದರೆ ಮೊಟ್ಟೆ ಉದುರುತ್ತದೆ. ಅಗಲ ಬಟ್ಟಲಲ್ಲಿ ನೀರಿನ ಸಮೇತ ಎತ್ತಿ, ಅಳೆದು, ಹಿಡಿದ ಜಾಗದಲ್ಲೇ ಬಿಡಿ. ಬಲೆ ಬೀಸುವ ಅಣ್ಣಂದಿರಿಗೂ ಇಷ್ಟನ್ನೇ ಕೇಳಿಕೊಳ್ಳಿ. ಕಾರಣ ಹೇಳಿದರೆ ಕೇಳುತ್ತಾರೆ.