ನಮ್ಮ ತುಟ್ಟಿಭತ್ಯೆಯನ್ನು ನಾವೇ ಘೋಷಿಸಬೇಕು

ರಾಯಚೂರು ಕಡೆಯವರಿಗೆ ತೆಲುಗು ಬರುವುದನ್ನು ಯಾರೂ ವಿದ್ಯೆ ಅಂತ ಎಣಿಸುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯಲ್ಲಿ ಕೇಳಿ ಕೇಳಿ ಬಂದ ಭಾಷೆ ಅದು. ಅದಕ್ಕೆ ಫೀಸು ಕಟ್ಟಿದವರಿಲ್ಲ, ಸರ್ಟಿಫಿಕೇಟು ಪಡೆದವರಿಲ್ಲ. ಹೈದರಾಬಾದಿಗೆ ಬಂದು ತೆಲುಗಿನಿಂದ ಕನ್ನಡಕ್ಕೆ ಬರೆದುಕೊಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನಂಥವರಿಗೆ ದರ ಹೇಳುವಾಗ ನಾಲಿಗೆ ತಡವರಿಸಲು ಇದೇ ಮೊದಲ ಕಾರಣ. ಪುಕ್ಕಟೆ ಬಂದದ್ದಕ್ಕೆ ದುಡ್ಡು ಕೇಳುವುದು ಹೇಗೆ ಎಂಬ ಸಂಕೋಚ. ಆದರೆ ನಾವು ಕಲಿಯಲು ಎಷ್ಟು ಬೆವರು ಸುರಿಸಿದೆವು ಅಂತ ಗಿರಾಕಿ ಲೆಕ್ಕ ಹಾಕುವುದಿಲ್ಲ. ತನ್ನಿಂದ ಆಗದ ಕೆಲಸ ಇವರಿಂದ ಆಗುತ್ತದೆ, ಅಷ್ಟೇ ಅವನ ಲೆಕ್ಕ.

ಆ ಕೆಲಸಕ್ಕೆ ಈ ಊರಲ್ಲಿ ಬೇಡಿಕೆ ಇದೆ. 2000ದಲ್ಲಿ ರಾಮೋಜಿ ಫಿಲ್ಮ್ ಸಿಟಿಯಿಂದ ಈಟಿವಿ ಕನ್ನಡ ಶುರುವಾದಾಗ ಕರ್ನಾಟಕದಿಂದ ಬರೆಯುವವರ ದಂಡೇ ಇಲ್ಲಿಗೆ ಬಂದಿತ್ತು. ಕರ್ನಾಟಕದಲ್ಲಿ ದಶಕಗಳಿಂದ ಡಬ್ಬಿಂಗ್‌ಗೆ ಇದ್ದ ತಡೆಯ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಇನ್ನೊಂದು ಬಾಗಿಲು ತೆರೆಯಿತು. 2019ರ ‘ಸೈರಾ ನರಸಿಂಹ ರೆಡ್ಡಿ’, 2021ರ ‘ಪುಷ್ಪ’, 2022ರ ‘ಆರ್‌ಆರ್‌ಆರ್’ ಕನ್ನಡದಲ್ಲೂ ಬಂದವು. ಸಬ್‌ಟೈಟಲ್, ಜಾಹೀರಾತು, ಮೊಬೈಲ್ ಆ್ಯಪ್‌ಗಳ ಕನ್ನಡ ಬೇರೆ. ಕೆಲಸ ಹೆಚ್ಚಿತು. ದರ ಮಾತ್ರ ತಾನಾಗಿ ಹೆಚ್ಚಲಿಲ್ಲ, ಕೇಳದೆ ಹೆಚ್ಚುವುದೂ ಇಲ್ಲ.

ಕೇಳಲು ಆತ್ಮವಿಶ್ವಾಸ ಬೇಕು ಅನ್ನುತ್ತಾರೆ. ನನಗೆ ತಿಳಿದ ಮಟ್ಟಿಗೆ ಅದು ಇರುವುದು ಪಾಸ್‌ಬುಕ್ಕಿನಲ್ಲಿ. ಹೆಚ್ಚು ದರ ಕೇಳುವುದು ಎಂದರೆ ಗಿರಾಕಿ ‘ಬೇಡ’ ಅಂದರೂ ನಡೆದೀತು ಎನ್ನುವ ಸ್ಥಿತಿಯಲ್ಲಿರುವುದು. 5ನೇ ತಾರೀಖಿಗೆ ಬಾಡಿಗೆ ಕಟ್ಟಬೇಕಾದವನೂ ಆರು ತಿಂಗಳ ಖರ್ಚನ್ನು ಎಫ್‌ಡಿಯಲ್ಲಿ ಇಟ್ಟವನೂ ಒಂದೇ ದರ ಹೇಳಿದರೂ ದನಿ ಬೇರೆ. ಎದುರಿನವರಿಗೆ ಆ ವ್ಯತ್ಯಾಸ ಫೋನಿನಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಲೆಕ್ಕ. ಮನೆ ನಡೆಸಲು ತಿಂಗಳಿಗೆ 50,000 ರೂ. ಬೇಕು ಅಂತಿಟ್ಟುಕೊಳ್ಳಿ. ನೌಕರಿಯಲ್ಲಿದ್ದವರಿಗೆ ಕಂಪನಿ ಕೊಡುವ ಪಿಎಫ್ ಪಾಲು, ಆರೋಗ್ಯ ವಿಮೆ, ಲ್ಯಾಪ್‌ಟಾಪ್, ಇಂಟರ್ನೆಟ್, ಸಂಬಳ ಸಹಿತ ರಜೆ ನಮಗಿಲ್ಲ. ಅವನ್ನೂ ಉಳಿತಾಯವನ್ನೂ ಸೇರಿಸಿದರೆ 75,000. ವರ್ಷಕ್ಕೆ 9 ಲಕ್ಷ. ಇನ್ನು ದಿನಗಳು: 365ರಲ್ಲಿ ಭಾನುವಾರ, ಹಬ್ಬ, ಜ್ವರ, ಊರಿನ ಮದುವೆ ಕಳೆದರೆ 270 ಉಳಿದಾವು. ಅದರಲ್ಲಿ ಮೂರನೇ ಒಂದು ಭಾಗ ಕೆಲಸ ಹುಡುಕಲು, ಬಿಲ್ ಮಾಡಲು, ಬಾಕಿ ಕೇಳಲು ಹೋಗುತ್ತದೆ. ದುಡ್ಡು ಬರುವ ದಿನ 180. ಅಂದರೆ ದಿನಕ್ಕೆ 5,000 ರೂ. ದಿನಕ್ಕೆ 2,000 ಪದ ನೆಟ್ಟಗೆ ಬರೆಯಬಹುದಾದರೆ ಪದಕ್ಕೆ ಎರಡೂವರೆ ರೂಪಾಯಿ ಬೀಳಬೇಕು. ಒಂದು ರೂಪಾಯಿಗೆ ಒಪ್ಪಿಕೊಂಡವರು ಉಳಿದ ಒಂದೂವರೆಯನ್ನು ತಮ್ಮ ನಿದ್ದೆಯಿಂದಲೋ ಹೆಂಡತಿಯ ಸಂಬಳದಿಂದಲೋ ತುಂಬುತ್ತಿರುತ್ತಾರೆ. ಈ ಲೆಕ್ಕ ಬರೆದ ಹಾಳೆ ನನ್ನ ಮೇಜಿನ ಮೇಲೆ ಬಂದ ಮೇಲೆ ‘ಹೆಚ್ಚಾಯಿತೇನೋ’ ಎಂಬ ಅಳುಕು ಹೋಯಿತು.

ದರ ಏರಿಸದೆ ಸುಮ್ಮನಿದ್ದರೂ ಅದು ಇದ್ದಲ್ಲೇ ಇರುವುದಿಲ್ಲ. ವರ್ಷಕ್ಕೆ ಶೇ 5ರಂತೆ ಬೆಲೆ ಏರಿದರೆ ಇಂದಿನ ಒಂದು ರೂಪಾಯಿ ಆರು ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ 75 ಪೈಸೆಯ ಕೆಲಸ ಮಾಡುತ್ತದೆ. ಕೇಂದ್ರ ಸರ್ಕಾರಿ ನೌಕರರಿಗೆ ಜನವರಿಗೊಮ್ಮೆ, ಜುಲೈಗೊಮ್ಮೆ ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತದೆ. ನಮಗೆ ಯಾವ ಸರ್ಕಾರವೂ ಘೋಷಿಸುವುದಿಲ್ಲ.

ಸಂಘ ಇರುವವರ ಕತೆ ಬೇರೆ. 2025ರ ಆಗಸ್ಟ್‌ನಲ್ಲಿ ಇದೇ ಹೈದರಾಬಾದಿನಲ್ಲಿ ತೆಲುಗು ಸಿನಿಮಾ ಕಾರ್ಮಿಕರು ಕೂಲಿ ಶೇ 30 ಹೆಚ್ಚಿಸಿ ಅಂತ ಮುಷ್ಕರ ಹೂಡಿದರು. ಶೂಟಿಂಗ್‌ಗಳು ನಿಂತವು. 18 ದಿನಗಳ ಬಳಿಕ, ಸರ್ಕಾರ ನಡುವೆ ಬಂದ ಮೇಲೆ, ಕಡಿಮೆ ಕೂಲಿಯವರಿಗೆ ಮೂರು ವರ್ಷಗಳಲ್ಲಿ ಹಂತಹಂತವಾಗಿ ಶೇ 22.5 ಎಂದು ರಾಜಿಯಾಯಿತು. ಮನೆಯಲ್ಲಿ ಒಬ್ಬರೇ ಕೂತು ಬರೆಯುವವರು ಮುಷ್ಕರ ಮಾಡಿದರೆ ಮನೆಯವರಿಗೂ ಗೊತ್ತಾಗುವುದಿಲ್ಲ. ಆದರೂ ಆ ರಾಜಿಯಿಂದ ಎರಡು ಸಂಗತಿ ಕಲಿತೆ. ಪರಿಷ್ಕರಣೆಗೆ ಒಂದು ಗಡುವು ಇರಬೇಕು, ಮತ್ತು ಹಳೆಯ ಗಿರಾಕಿಗೆ ಹೆಚ್ಚಳವನ್ನು ಕಂತಿನಲ್ಲಿ ಕೊಡಬಹುದು. ಹೊಸಬರಿಗೆ ಮೊದಲ ದಿನದಿಂದಲೇ ಹೊಸ ದರ.

ಈಗ ಪ್ರತಿ ವರ್ಷ ಮಾರ್ಚ್ ಮೊದಲ ವಾರ ನನ್ನ ಎಲ್ಲ ಗಿರಾಕಿಗಳಿಗೂ ಒಂದು ಚಿಕ್ಕ ಮೇಲ್ ಹೋಗುತ್ತದೆ: ‘ಏಪ್ರಿಲ್ 1ರಿಂದ ನನ್ನ ದರ ಇಷ್ಟು. ಮಾರ್ಚ್ ಒಳಗೆ ಒಪ್ಪಿಕೊಂಡ ಕೆಲಸಗಳಿಗೆ ಹಳೆಯ ದರವೇ.’ ‘ದಯವಿಟ್ಟು ತಪ್ಪು ತಿಳಿಯಬೇಡಿ’ ಇಲ್ಲ, ಮಗಳ ಸ್ಕೂಲ್ ಫೀಸಿನ ಪ್ರಸ್ತಾಪ ಇಲ್ಲ. ಕಾರಣ ಕೊಟ್ಟರೆ ಚರ್ಚೆ ಕಾರಣದ ಮೇಲೆ ನಡೆಯುತ್ತದೆ. ಯಾರಾದರೂ ಬಿಟ್ಟುಹೋದರೆ? ಶೇ 25 ಏರಿಸಿ, ಕೆಲಸದಲ್ಲಿ ಐದನೇ ಒಂದು ಪಾಲು ಕಳೆದುಕೊಂಡರೂ ಒಟ್ಟು ಆದಾಯ ಮೊದಲಿನಷ್ಟೇ. ವಾರಕ್ಕೆ ಒಂದು ದಿನ ಬಿಡುವು ಲಾಭ. ಬಿಟ್ಟುಹೋಗುವವರು ಸಾಮಾನ್ಯವಾಗಿ ಅತಿ ಕಡಿಮೆ ಕೊಟ್ಟು ಅತಿ ಹೆಚ್ಚು ಫೋನ್ ಮಾಡುವವರೇ.

ಕೆಲವೊಮ್ಮೆ ದರಕ್ಕಿಂತ ಅಳತೆಯನ್ನೇ ಬದಲಿಸಬೇಕು. ಡಬ್ಬಿಂಗ್ ಸಂಭಾಷಣೆಯನ್ನು ಪದದ ಲೆಕ್ಕದಲ್ಲಿ ಕೇಳುವವರಿದ್ದಾರೆ. ಆ ಕೆಲಸ ಹೇಗಿರುತ್ತದೆ ಎಂದರೆ, ನಟನ ಮಾತು ಎರಡು ಸೆಕೆಂಡ್. ಕ್ಲೋಸಪ್‌ನಲ್ಲಿ ತುಟಿ ಎಲ್ಲಿ ಕೂಡುತ್ತದೋ ಅಲ್ಲಿ ಕನ್ನಡದಲ್ಲೂ ಪ, ಬ, ಮ ಬರಬೇಕು. ಅವನು ಉಸಿರೆಳೆದಲ್ಲಿ ನಮ್ಮ ವಾಕ್ಯವೂ ಮುರಿಯಬೇಕು. ಐದು ಪದಕ್ಕೆ ಅರ್ಧ ಗಂಟೆ ಹೋಗುವುದುಂಟು. ಪದದ ದರದಲ್ಲಿ ಅದರ ಕೂಲಿ ಒಂದು ಚಹಾಕ್ಕೂ ಸಾಲದು. ಈಗ ನಾನು ಚಿತ್ರದ ನಿಮಿಷಕ್ಕೆ ಇಷ್ಟು ಅಂತ ಹೇಳುತ್ತೇನೆ. ‘ಮಷೀನ್ ಅನುವಾದ ಮಾಡಿಟ್ಟಿದ್ದೇವೆ, ನೀವು ನೋಡಿಕೊಟ್ಟರೆ ಸಾಕು, ಅರ್ಧ ರೇಟು’ ಅನ್ನುವವರಿಗೆ ಗಂಟೆಯ ದರ. ಮಷೀನು ಚೆನ್ನಾಗಿ ಮಾಡಿದ್ದರೆ ಗಂಟೆಗಳು ಕಡಿಮೆಯಾಗುತ್ತವೆ, ಅವರಿಗೇ ಉಳಿತಾಯ. ಕೆಟ್ಟದಾಗಿ ಮಾಡಿದ್ದರೆ ಅದರ ದಂಡ ನನಗೆ ಬೀಳುವುದಿಲ್ಲ.

ಈಚೆಗೆ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಜೊತೆ ನಡೆದ ಮಾತು ಹೀಗಿತ್ತು. ದರ ಹೇಳಿ ನಾನು ಸುಮ್ಮನಾದೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ, ಮೌನ ತುಂಬಲು ನಾವೇ ರಿಯಾಯಿತಿ ಘೋಷಿಸಿಬಿಡುತ್ತೇವೆ.

‘ಅಂತ ಬಜೆಟ್ ಲೇದಂಡಿ,’ ಅಂದರು. ಅಷ್ಟು ಬಜೆಟ್ ಇಲ್ಲವಂತೆ.

‘ಪರವಾಗಿಲ್ಲ ಸಾರ್. ರೆಕಾರ್ಡಿಂಗ್‌ಗೆ ನಾನು ಬರುವುದಿಲ್ಲ, ತಿದ್ದುಪಡಿ ಒಂದೇ ಸಲ. ಹಾಗಾದರೆ ನಿಮ್ಮ ಬಜೆಟ್ಟಿಗೆ ಆಗುತ್ತದೆ.’

‘ಅಯ್ಯೋ, ನೀವು ಸ್ಟುಡಿಯೋದಲ್ಲಿ ಇಲ್ಲದಿದ್ದರೆ ಹೇಗೆ?’

ಬೆಲೆ ಏತಕ್ಕೆ ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿದಂತಾಯಿತು. ದರ ಇಳಿಸಬಾರದು, ಕೆಲಸ ಇಳಿಸಬಹುದು.

ತಡವಾಗಿ ಬರುವ ಹಣವೂ ಕಡಿತದ ಹಣವೇ. ಇದಕ್ಕೆ ಒಂದು ಸಾಧನ ಇದೆ. ಆಧಾರ್, ಪ್ಯಾನ್ ಇಟ್ಟುಕೊಂಡು ಉದ್ಯಮ್ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ನೋಂದಾಯಿಸಿಕೊಂಡರೆ ಒಬ್ಬರೇ ದುಡಿಯುವವರೂ ಸೂಕ್ಷ್ಮ ಉದ್ಯಮ ಆಗಬಹುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಪಾವತಿಯನ್ನು 45 ದಿನಕ್ಕಿಂತ ಮುಂದೂಡುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಕೊಡುವ ತನಕ, ಕಂಪನಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಇನ್‌ವಾಯ್ಸ್‌ನಲ್ಲಿ ಉದ್ಯಮ್ ಸಂಖ್ಯೆ ಹಾಕಿದ ಮೇಲೆ ನನ್ನ ಬಿಲ್ಲುಗಳನ್ನು ಅಕೌಂಟ್ಸ್ ವಿಭಾಗದವರೇ ನೆನಪಿಟ್ಟುಕೊಳ್ಳತೊಡಗಿದರು.

ಹಾಗಂತ ಎಲ್ಲದಕ್ಕೂ ಬಿಲ್ ಹಾಕುತ್ತೇನೆಂದಲ್ಲ. ಇಲ್ಲಿನ ಕಾಚಿಗುಡದ ಕಡೆಯ ಕನ್ನಡ ಬಳಗದವರು ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖನ ತಿದ್ದಿಕೊಡಿ ಅಂದಾಗ ದುಡ್ಡಿನ ಮಾತಿಲ್ಲ, ಪೂರಾ ಉಚಿತ. ನಮ್ಮವರ ಕಂಪನಿಯ ವೆಬ್‌ಸೈಟಿಗಾದರೆ ಪೂರಾ ದರ. ‘ನಮ್ಮವರು’ ಎಂಬ ಅರ್ಧ ದರ ನನ್ನಲ್ಲಿಲ್ಲ. ಅರ್ಧ ದರ ಒಮ್ಮೆ ಶುರುವಾದರೆ ಅದೇ ಮಾರುಕಟ್ಟೆ ದರ ಅಂತ ಊರೆಲ್ಲ ಹಬ್ಬುತ್ತದೆ.

ಈ ಏಪ್ರಿಲ್‌ನಲ್ಲಿ ಮೊದಲ ಬಾರಿ ಏರಿಸುವವರಿಗೆ ಒಂದೇ ಸಲಹೆ. ಏರಿಕೆಯಿಂದ ಬಂದ ಹೆಚ್ಚುವರಿ ಹಣ ಮನೆ ಖರ್ಚಿಗೆ ಸೇರದಿರಲಿ. ಆರು ತಿಂಗಳ ಖರ್ಚಿನಷ್ಟು ಜಮೆಯಾಗುವ ತನಕ ಅದು ಬೇರೆ ಖಾತೆಗೇ ಹೋಗಲಿ. ಮುಂದಿನ ವರ್ಷದ ಮಾರ್ಚ್‌ನಲ್ಲಿ ಅದೇ ಮೇಲ್ ಕಳಿಸುವಾಗ ಬೇಕಾಗುವ ಧೈರ್ಯ ಆ ಖಾತೆಯಿಂದಲೇ ಬರುತ್ತದೆ.